ನೆನಪಿನ ಏಳು ಗೂಡುಗಳೂ ವಿಜ್ಞಾನದ ವಾಕ್ಯವೂ

ಕೆಳಗಿನ ಪ್ರಶ್ನೆಯನ್ನು ಒಮ್ಮೆ ಮಾತ್ರ ಓದಿ, ಉತ್ತರವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಮುಂದೆ ಸಾಗಿರಿ.

'ಪೂರ್ವಕ್ಕೆ ಉರುಳುತ್ತಾ ಅ ಗೋಲ ತಳ್ಳಿದ ಬ ಗೋಲದ ಮೇಲೆ ವರ್ತಿಸಿದ ಬಲದ ದಿಕ್ಕು ಯಾವುದು?'

ನೀವು 'ಪೂರ್ವ' ಎಂದು ಬರೆದಿದ್ದರೆ ಸರಿ. 'ಪಶ್ಚಿಮ' ಎಂದು ಬರೆದಿದ್ದರೆ ಅದೂ ಸರಿ. ಉರುಳಿ ಬಂದದ್ದು ಅ ಗೋಲ, ತಳ್ಳಿಸಿಕೊಂಡದ್ದು ಬ ಗೋಲ ಎಂದು ಓದಿಕೊಂಡರೆ ಬ ಮೇಲಿನ ಬಲ ಪೂರ್ವಕ್ಕೆ. ಉರುಳಿ ಬಂದು ತಳ್ಳಿದ್ದು ಬ ಗೋಲವೇ ಎಂದು ಓದಿಕೊಂಡರೆ, ನ್ಯೂಟನ್ನನ ಮೂರನೆಯ ನಿಯಮದಂತೆ ಅದರ ಮೇಲಿನ ಪ್ರತಿಕ್ರಿಯೆ ಪಶ್ಚಿಮಕ್ಕೆ. ವ್ಯಾಕರಣವು ಎರಡನ್ನೂ ಒಪ್ಪುತ್ತದೆ.

ಈ ಪ್ರಶ್ನೆಯನ್ನು ರಚಿಸಿದವನು ನಾನೇ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಪ್ರೌಢಶಾಲಾ ಮಕ್ಕಳಿಗಾಗಿ ನಡೆದ ಒಂದು ಲಿಖಿತ ಸ್ಪರ್ಧೆಗೆ ಬರೆದದ್ದು. ಶಿಡ್ಲಘಟ್ಟದ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಯಾವ್ದು ಯಾವ್ದನ್ನ ತಳ್ತು?" ಎಂದು ಕೇಳಿದಳು. ಪ್ರಶ್ನೆಯನ್ನು ಇನ್ನೊಮ್ಮೆ ಗಮನವಿಟ್ಟು ಓದು ಎಂದೆ. ಆಕೆ ಓದಿ 'ಪಶ್ಚಿಮ' ಎಂದು ಬರೆದಳು. ನಾನು ತಪ್ಪು ಹಾಕಿದೆ. ಆಕೆ ಉತ್ತರದ ಪಕ್ಕದಲ್ಲಿ ಬರೆದಿದ್ದ ಚಿತ್ರವನ್ನು ಸರಿಯಾಗಿ ನೋಡಿದ್ದು ಬಹುಮಾನ ಹಂಚಿದ ಮೇಲೆ. ಬಾಣದ ಗುರುತುಗಳೆಲ್ಲ ಸರಿಯಾಗಿದ್ದವು. ಭೌತವಿಜ್ಞಾನದಲ್ಲಿ ಆಕೆ ತಪ್ಪಿರಲಿಲ್ಲ, ನನ್ನ ಕನ್ನಡ ತಪ್ಪಿತ್ತು.

ಆ ಮೇಲೆ ನಾನು ಮಾಡಿದ ಕೆಲಸವೆಂದರೆ ವಾಕ್ಯವನ್ನು ಅರ್ಥಮಾಡಿಕೊಳ್ಳುವಾಗ ನೆನಪು ಏನು ಮಾಡುತ್ತದೆ ಎಂಬ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದು. ಅದು ನನ್ನ ವಿಷಯವಲ್ಲ. ಆದರೂ, ಶಿಕ್ಷಕರ ತರಬೇತಿಗಳಲ್ಲಿ ಮತ್ತು ಜನಪ್ರಿಯ ಲೇಖನಗಳಲ್ಲಿ ಈ ಬಗ್ಗೆ ಸಾಮಾನ್ಯವಾಗಿ ಹೇಳುವ ವಿವರಣೆ ತೀರ ದುರ್ಬಲವಾದದ್ದು ಎಂಬುದು ಹೊರಗಿನವನಿಗೂ ಕಾಣುತ್ತದೆ. ಆ ವಿವರಣೆಯನ್ನು ವಿಮರ್ಶಿಸುವುದೇ ಈ ಲೇಖನದ ಉದ್ದೇಶ.

ವಿವರಣೆ ಹೀಗಿದೆ: ನಮ್ಮ ಅಲ್ಪಕಾಲೀನ ಸ್ಮೃತಿಯಲ್ಲಿ ಏಳು ಗೂಡುಗಳಿವೆ, ಹೆಚ್ಚೆಂದರೆ ಒಂಬತ್ತು. ಓದಿದ ಪದಗಳು ಒಂದೊಂದಾಗಿ ಅವುಗಳಲ್ಲಿ ಕುಳಿತುಕೊಳ್ಳುತ್ತವೆ. ವಾಕ್ಯ ಅದಕ್ಕಿಂತ ಉದ್ದವಾದರೆ ಮೊದಲು ಬಂದ ಪದಗಳು ಉದುರಿಹೋಗುತ್ತವೆ. ಕನ್ನಡದಲ್ಲಂತೂ ಕ್ರಿಯಾಪದ ಕೊನೆಗೆ ಬರುವುದರಿಂದ ಅಲ್ಲಿಯವರೆಗೆ ಎಲ್ಲವನ್ನೂ ಹೊತ್ತುಕೊಂಡೇ ಇರಬೇಕು. ಆದ್ದರಿಂದ ಚಿಕ್ಕ ಚಿಕ್ಕ ವಾಕ್ಯಗಳನ್ನು ಬರೆಯಿರಿ.

ಏಳರ ಮೂಲ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ ಪ್ರಸಿದ್ಧ ಪ್ರಬಂಧ. ಅದರಲ್ಲಿದ್ದುದು ಅಂಕಿಗಳು, ಅಕ್ಷರಗಳು, ಸಂಬಂಧವಿಲ್ಲದ ಬಿಡಿ ಪದಗಳು ಮುಂತಾದವುಗಳ ಮಾತು, ವಾಕ್ಯದ ಮಾತಲ್ಲ. ಅಷ್ಟೇ ಅಲ್ಲ, ಬೇರೆ ಬೇರೆ ಪ್ರಯೋಗಗಳಲ್ಲಿ ಏಳೇ ಕಾಣಿಸಿಕೊಳ್ಳುವುದು ಬರೀ ಕಾಕತಾಳೀಯವಿರಬಹುದೆಂದು ಮಿಲ್ಲರ್ ಅವರೇ ಕೊನೆಯಲ್ಲಿ ಸಂಶಯಪಟ್ಟಿದ್ದಾರೆ. ಆ ಕೊನೆಯ ಪುಟವನ್ನು ಹೆಚ್ಚಿನವರು ಓದಿದಂತಿಲ್ಲ. ಬಿಡಿಯಾಗಿ ನೋಡಿದರೂ ಸಂಖ್ಯೆ ಸುಮಾರು ನಾಲ್ಕೇ ಎಂದು ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು.

ಸಂಖ್ಯೆ ಏಳೋ ನಾಲ್ಕೋ, ಅದು ಮುಖ್ಯವಲ್ಲ. ಈ ಪದಸಮೂಹವನ್ನು ಓದಿ: 'ನಮ್ಮ ಊರಿನ ಶಾಲೆಯ ಮೇಷ್ಟರ ಮಗನ ಹೆಂಡತಿಯ ತಮ್ಮನ ಅಂಗಡಿಯ ಬಾಗಿಲು'. ಒಂಬತ್ತು ಪದಗಳಿವೆ, ಏನೂ ಉದುರಲಿಲ್ಲ. ಈಗ ಇದನ್ನು ಓದಿ: 'ಕಮಲ ಶಶಿ ರಾಧ ಹೇಳಿದ ಕಥೆಯನ್ನು ನಂಬಲಿಲ್ಲವೆಂದು ತಿಳಿದಳು.' ಇಲ್ಲಿರುವುದು ಏಳೇ ಪದಗಳು. ಗೂಡುಗಳ ಲೆಕ್ಕದಲ್ಲಿ ಸರಿಯಾಗಿ ಹಿಡಿಸಬೇಕು. ಆದರೆ ಯಾರು ಹೇಳಿದರು, ಯಾರು ನಂಬಲಿಲ್ಲ, ಯಾರು ತಿಳಿದರು ಎಂದು ಬಿಡಿಸಲು ನೀವು ಹಿಂದಕ್ಕೆ ಹೋಗಿ ಬಂದಿರಿ. ಅದೇ ಏಳು ಪದಗಳ ಸ್ಥಾನ ಬದಲಿಸಿ ನೋಡೋಣ: 'ರಾಧ ಹೇಳಿದ ಕಥೆಯನ್ನು ಶಶಿ ನಂಬಲಿಲ್ಲವೆಂದು ಕಮಲ ತಿಳಿದಳು.' ತೊಡಕು ಮಾಯವಾಯಿತು. ಪದಗಳು ಅವೇ, ಉದ್ದವೂ ಅಷ್ಟೇ.

ಕಾರಣವನ್ನು ಗಣಿತದಿಂದ ತಿಳಿಯುವುದು ಸುಲಭ. ಕಾಗದವಿಲ್ಲದೆ, ಎಡದಿಂದ ಬಲಕ್ಕೆ ಹೋಗುತ್ತ ಈ ಎರಡನ್ನು ಲೆಕ್ಕ ಹಾಕಿ. ಮೊದಲನೆಯದು: (((5 − 1) + 4) × 3) + 2. ಎರಡನೆಯದು: 2 + (3 × (4 + (5 − 1))). ಎರಡಕ್ಕೂ ಉತ್ತರ 26. ಮೊದಲನೆಯದರಲ್ಲಿ ಪ್ರತಿ ಹಂತದಲ್ಲೂ ಕೈಯಲ್ಲಿ ಒಂದೇ ಸಂಖ್ಯೆ ಇರುತ್ತದೆ: 4, 8, 24, 26. ಎರಡನೆಯದರಲ್ಲಿ 2ನ್ನು ಬದಿಗಿಟ್ಟು, 3ನ್ನು ಬದಿಗಿಟ್ಟು, 4ನ್ನೂ ಬದಿಗಿಟ್ಟು, ಒಳಗಿನ ಆವರಣ ಮುಗಿದ ಮೇಲೆ ಒಂದೊಂದಾಗಿ ವಾಪಸು ತರಬೇಕು. ಬಾಗಿಲಿನ ಉದಾಹರಣೆ ಮೊದಲನೆಯ ಬಗೆಯದು. 'ನಮ್ಮ ಊರಿನ' ಎಂಬುದು ಒಂದೇ ವಸ್ತುವಾಗಿ ಮಡಚಿಕೊಂಡು 'ಶಾಲೆ'ಗೆ ಅಂಟುತ್ತದೆ, ಅದೆಲ್ಲ ಮಡಚಿಕೊಂಡು 'ಮೇಷ್ಟರ'ನ್ನು ಸೇರುತ್ತದೆ. ಕಮಲ-ಶಶಿ-ರಾಧರದು ಎರಡನೆಯ ಬಗೆ.

ವಿಕ್ಟರ್ ಇಂಗ್ವೆ ಎಂಬ ಅಮೆರಿಕದ ವಿದ್ವಾಂಸರು (ಅವರೂ ಭೌತವಿಜ್ಞಾನದಿಂದ ಭಾಷೆಯ ಕಡೆ ಹೋದವರು) 1960ರಲ್ಲಿ ವಾಕ್ಯದ 'ಆಳ'ದ ಸಿದ್ಧಾಂತವನ್ನು ಮಂಡಿಸಿದರು. ಅದರ ಪ್ರಕಾರ ವಿಶೇಷಣಗಳೆಲ್ಲ ಮುಂದೆ ಬಂದು ಮುಖ್ಯ ಪದ ಹಿಂದೆ ಬರುವ ರಚನೆ ನೆನಪಿಗೆ ಭಾರ. ಇಂಗ್ಲಿಷಿಗೆ ಅದು ಒಪ್ಪುವಂತೆ ಕಂಡಿತು. ಆದರೆ ಜಪಾನಿ, ಕನ್ನಡ, ತೆಲುಗು, ತಮಿಳುಗಳಲ್ಲಿ ಇರುವುದೇ ಈ ಬಗೆಯ ರಚನೆ! ಇಷ್ಟು ಕೋಟಿ ಜನ ದಿನವಿಡೀ ಸಲೀಸಾಗಿ ಮಾತಾಡುವ ರೀತಿಯನ್ನು ಭಾರವೆಂದು ಹೇಳುವ ಸಿದ್ಧಾಂತದಲ್ಲಿ ಏನೋ ಕೊರತೆಯಿದೆ ಎಂದೇ ಅರ್ಥ. ಆದರೂ 'ಕನ್ನಡದ ವಾಕ್ಯರಚನೆ ವಿಜ್ಞಾನಕ್ಕೆ ಒಗ್ಗುವುದಿಲ್ಲ' ಎನ್ನುವವರ ಬಾಯಲ್ಲಿ ಆ ಹಳೆಯ ಮಾತು ಇನ್ನೂ ಉಳಿದುಕೊಂಡಿದೆ. ಇಂಗ್ವೆಯವರ ಹೆಸರು ಅವರಿಗೆ ಗೊತ್ತಿರುವುದಿಲ್ಲ, ಅಷ್ಟೇ.

ಕ್ರಿಯಾಪದ ಕೊನೆಗೆ ಬರುವುದು ತೊಂದರೆ ಎಂಬ ಮಾತಂತೂ ಪ್ರಯೋಗಗಳಲ್ಲಿ ಪೂರ್ತಿ ನಿಲ್ಲಲಿಲ್ಲ. ಜರ್ಮನ್ ಭಾಷೆಯಲ್ಲಿ ಲಾರ್ಸ್ ಕೊನೀಚ್ನಿ 2000ದಲ್ಲಿ, ಹಿಂದಿಯಲ್ಲಿ ಶ್ರವಣ ವಸಿಷ್ಠ ಮತ್ತು ರಿಚರ್ಡ್ ಲೂಯಿಸ್ 2006ರಲ್ಲಿ ವರದಿ ಮಾಡಿದ ಅಳತೆಗಳಲ್ಲಿ, ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಹೆಚ್ಚು ಪದಗಳು ಬಂದಾಗ ಓದುಗರು ಕ್ರಿಯಾಪದವನ್ನು ಕೆಲವು ಸಂದರ್ಭಗಳಲ್ಲಿ ಬೇಗ ಓದಿದರು. ಇದರಲ್ಲಿ ಆಶ್ಚರ್ಯವೇನಿಲ್ಲ. 'ರೈತ ಶಿಡ್ಲಘಟ್ಟದ ಮಾರುಕಟ್ಟೆಗೆ ಬೆಳಗ್ಗೆಯೇ ರೇಷ್ಮೆಗೂಡನ್ನು...' ಎಂದು ನಾನು ನಿಲ್ಲಿಸಿದರೆ 'ತಂದ' ಎಂಬುದನ್ನು ನೀವೇ ಸೇರಿಸುತ್ತೀರಿ. 'ಗೆ' ಮತ್ತು 'ಅನ್ನು' ಪ್ರತ್ಯಯಗಳು ಮುಂದೆ ಬರಲಿರುವ ಕ್ರಿಯಾಪದದ ಆಕಾರವನ್ನು ಮೊದಲೇ ಕೆತ್ತಿ ಇಟ್ಟಿರುತ್ತವೆ. ನಡುವಿನ ಪದಗಳೆಲ್ಲ ಹೊರೆಯೇ ಆಗಬೇಕಿಲ್ಲ. ಕೆಲವು ದಾರಿ ತೋರಿಸುವ ಕಲ್ಲುಗಳು.

ಹಾಗಾದರೆ ನೆನಪಿನ ನಿಜವಾದ ಕೆಲಸವೇನು? ಮೊದಲು ಒಂದು ಸ್ವಾರಸ್ಯವಾದ ಪ್ರಯೋಗ. 1967ರಲ್ಲಿ ಜಾಕ್ವೆಲಿನ್ ಸ್ಯಾಕ್ಸ್ ಎಂಬವರು ದೂರದರ್ಶಕದ ಚರಿತ್ರೆಯನ್ನು ಕುರಿತ ಒಂದು ಕಥನವನ್ನು ಜನರಿಗೆ ಕೇಳಿಸಿದರು. ಗೆಲಿಲಿಯೋಗೆ ಒಬ್ಬಾತ ಪತ್ರ ಬರೆದ ವಿಷಯ ಅದರಲ್ಲಿತ್ತು. ಆ ವಾಕ್ಯ ಕೇಳಿ ಸುಮಾರು ಅರ್ಧ ನಿಮಿಷವಾಗುವುದರೊಳಗೆ, ಅದರ ಪದಗಳ ಜೋಡಣೆ ಹೇಗಿತ್ತೆಂಬುದು ಹೆಚ್ಚು ಕಡಿಮೆ ಮರೆತೇ ಹೋಗಿತ್ತು. ಆದರೆ 'ಗೆಲಿಲಿಯೋನೇ ಆತನಿಗೆ ಪತ್ರ ಬರೆದ' ಎಂದು ಅರ್ಥವನ್ನು ಬದಲಿಸಿದ ವಾಕ್ಯವನ್ನು ಕೇಳುಗರು ಕೂಡಲೆ ಗುರುತಿಸಿದರು. ಪದಗಳು ಕರಗಿಹೋಗಿ ಅರ್ಥ ಉಳಿಯುತ್ತದೆ. ತರಗತಿಯಲ್ಲಿ ವ್ಯಾಖ್ಯೆಗಳನ್ನು ಪದಶಃ ಉರು ಹೊಡೆಸುವವರು ಈ ಪ್ರಯೋಗವನ್ನು ಸ್ವಲ್ಪ ಯೋಚಿಸಬೇಕು.

ಗೂಡುಗಳ ಚಿತ್ರಕ್ಕೆ ಇನ್ನೂ ದೊಡ್ಡ ಪೆಟ್ಟು ಕೊಟ್ಟವರು ರೋಗಿಗಳು. ಜುಸೆಪ್ಪೆ ವಲ್ಲಾರ್ ಮತ್ತು ಅಲನ್ ಬ್ಯಾಡ್ಲಿ 1984ರಲ್ಲಿ ಇಟಲಿಯ ಒಬ್ಬ ಮಹಿಳೆಯ ಬಗ್ಗೆ ಬರೆದರು. ಮೆದುಳಿನ ಎಡಭಾಗಕ್ಕೆ ಆದ ಪೆಟ್ಟಿನಿಂದ ಆಕೆ ಕೇಳಿದ ಅಂಕಿಗಳಲ್ಲಿ ಎರಡು-ಮೂರಕ್ಕಿಂತ ಹೆಚ್ಚನ್ನು ತಿರುಗಿ ಹೇಳಲಾರದವರಾಗಿದ್ದರು. ಏಳು ಗೂಡುಗಳಲ್ಲಿ ಐದು ಮುಚ್ಚಿಹೋದಂತೆ. ಆದರೂ ಆಕೆ ಸಂಭಾಷಣೆಯನ್ನು ಸರಾಗವಾಗಿ ಅರ್ಥಮಾಡಿಕೊಳ್ಳುತ್ತಿದ್ದರು. ಪದಗಳ ಕ್ರಮವನ್ನೇ ಕರಾರುವಾಕ್ಕಾಗಿ ಹಿಡಿದುಕೊಳ್ಳಬೇಕಾದ ಕೆಲವು ಉದ್ದನೆಯ ವಾಕ್ಯಗಳಲ್ಲಿ ಮಾತ್ರ ಎಡವುತ್ತಿದ್ದರು. ವಾಕ್ಯ ಅರ್ಥವಾಗಲು ಪದಗಳ ದಾಸ್ತಾನು ಅಷ್ಟೊಂದು ಬೇಡ ಎಂದಾಯಿತು.

ಈಗ ಹೆಚ್ಚಿನ ಬೆಂಬಲ ಪಡೆದಿರುವ ಚಿತ್ರ ಬೇರೆ. ಬ್ರಯನ್ ಮೆಕ್‌ಎಲ್ರೀ ಮತ್ತು ಸಂಗಡಿಗರ 2003ರ ಪ್ರಯೋಗಗಳಿಂದ, 2005ರಲ್ಲಿ ಲೂಯಿಸ್ ಮತ್ತು ವಸಿಷ್ಠ ರಚಿಸಿದ ಗಣಕ ಮಾದರಿಯಿಂದ ತಿಳಿಯುವುದೇನೆಂದರೆ, ಯಾವುದೇ ಕ್ಷಣದಲ್ಲಿ ನಮ್ಮ ಗಮನದ ಬೆಳಕಿನಲ್ಲಿ ಇರುವುದು ತೀರ ಸ್ವಲ್ಪ, ಒಂದೆರಡು ತುಣುಕುಗಳು. ಉಳಿದದ್ದು ಹಿಂದೆ ಸರಿದಿರುತ್ತದೆ, ಅಳಿದಿರುವುದಿಲ್ಲ. ಕ್ರಿಯಾಪದ ಬಂದಾಗ ಅದು 'ನನ್ನ ಕರ್ತೃ ಯಾರು?' ಎಂದು ಕೂಗು ಹಾಕುತ್ತದೆ. ಏಕವಚನ, ಸ್ತ್ರೀಲಿಂಗ, ಪ್ರಥಮಾ ವಿಭಕ್ತಿ, ಜೀವವಿರುವುದು ಎಂಬಂತಹ ಸುಳಿವುಗಳು ಆ ಕೂಗಿನಲ್ಲಿರುತ್ತವೆ. ಸುಳಿವಿಗೆ ಹೊಂದುವ ಪದ ಎದ್ದು ಬರುತ್ತದೆ. ಹೊಂದುವವರು ಇಬ್ಬರು ಮೂವರಿದ್ದರೆ ಎಲ್ಲರೂ ಅರ್ಧರ್ಧ ಎದ್ದು ಗೊಂದಲವಾಗುತ್ತದೆ. ಭೌತವಿಜ್ಞಾನದ ಮಾತಿನಲ್ಲಿ ಇದು ಧಾರಣಶಕ್ತಿಯ ಸಮಸ್ಯೆಗಿಂತ ಹೆಚ್ಚಾಗಿ ಬೇರ್ಪಡಿಸುವ ಶಕ್ತಿಯ ಸಮಸ್ಯೆ.

ಗೌರಿಬಿದನೂರಿನವರಿಗೆ ಇದನ್ನು ಬೇಗ ಹೇಳಬಹುದು. ಅಲ್ಲಿ 1965ರಿಂದ ಕೆಲಸ ಮಾಡುತ್ತಿರುವ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪಮಾಪಕ ಜಾಲದಲ್ಲಿ ಮಾಪಕಗಳನ್ನು ಎರಡು ಸಾಲುಗಳಲ್ಲಿ ಹರಡಿದ್ದಾರೆ. ಒಂದು ದಿಕ್ಕಿನಿಂದ ಬರುವ ಅಲೆ ಒಂದೊಂದು ಮಾಪಕವನ್ನು ಸ್ವಲ್ಪ ಸ್ವಲ್ಪ ತಡವಾಗಿ ಮುಟ್ಟುತ್ತದೆ. ಆ ತಡವನ್ನು ಸರಿದೂಗಿಸಿ ಎಲ್ಲ ದಾಖಲೆಗಳನ್ನೂ ಕೂಡಿಸಿದರೆ ಆ ದಿಕ್ಕಿನ ಸಂಕೇತ ಎದ್ದು ಕಾಣುತ್ತದೆ, ಬೇರೆ ದಿಕ್ಕಿನವು ಕುಗ್ಗುತ್ತವೆ. ಆದರೆ ಎರಡು ಅಲೆಗಳು ಹತ್ತಿರ ಹತ್ತಿರದ ದಿಕ್ಕುಗಳಿಂದ ಒಟ್ಟಿಗೇ ಬಂದರೆ? ದಾಖಲೆಯಲ್ಲಿ ಏನೂ ಕಳೆದಿರುವುದಿಲ್ಲ, ಬಿಡಿಸಲು ಮಾತ್ರ ಕಷ್ಟ. ಹೋಲಿಕೆ ಪುರಾವೆಯಲ್ಲ ಎಂಬುದು ನಿಜ; ಆದರೆ ಏಳು ಗೂಡುಗಳ ಹೋಲಿಕೆಗಿಂತ ಇದು ವಾಸಿ.

ಇದನ್ನು ಕನ್ನಡದಲ್ಲಿ ನೀವೇ ಪರೀಕ್ಷಿಸಬಹುದು. ಮೇಲಿನ ತೊಡಕಿನ ವಾಕ್ಯವನ್ನು ಅದೇ ಕ್ರಮದಲ್ಲಿಟ್ಟು, ಶಶಿಯ ಬದಲು ರಾಮುವನ್ನು ತಂದು, ಕ್ರಿಯಾಪದದ ರೂಪ ಬದಲಿಸೋಣ: 'ಕಮಲ ರಾಮು ರಾಧ ಹೇಳಿದ ಕಥೆಯನ್ನು ನಂಬಿದನೆಂದು ತಿಳಿದಳು.' ಚೆಲುವಾದ ವಾಕ್ಯವೇನಲ್ಲ, ಆದರೂ ಮೊದಲಿನಷ್ಟು ತೊಡಕಿಲ್ಲ. 'ನಂಬಿದನು' ಎಂಬಲ್ಲಿನ ಪುಲ್ಲಿಂಗ ಪ್ರತ್ಯಯ ಮೂವರಲ್ಲಿ ರಾಮುವನ್ನೇ ಬೆರಳಿಟ್ಟು ತೋರಿಸುತ್ತದೆ. 'ನಂಬಲಿಲ್ಲ' ಎಂಬ ನಿಷೇಧ ರೂಪದಲ್ಲಿ ಲಿಂಗವೂ ಇಲ್ಲ, ವಚನವೂ ಇಲ್ಲ. ಅದು ಯಾರನ್ನೂ ತೋರಿಸುವುದಿಲ್ಲ.

ಇಷ್ಟು ತಿಳಿದ ಮೇಲೆ ನನ್ನ ಗೋಲಗಳ ಪ್ರಶ್ನೆಗೆ ಹಿಂತಿರುಗೋಣ. ದಿನಬಳಕೆಯ ಕನ್ನಡದಲ್ಲಿ ನಾವು 'ಹಸು ತಿಂದ ಹುಲ್ಲು' ಎನ್ನುತ್ತೇವೆ, 'ಹುಲ್ಲು ತಿಂದ ಹಸು' ಎಂದೂ ಎನ್ನುತ್ತೇವೆ. ಎರಡರಲ್ಲೂ 'ಅನ್ನು' ಪ್ರತ್ಯಯವಿಲ್ಲ, ಎರಡರಲ್ಲೂ ಯಾರಿಗೂ ಸಂಶಯವಿಲ್ಲ, ಏಕೆಂದರೆ ಹುಲ್ಲು ಹಸುವನ್ನು ತಿನ್ನುವುದಿಲ್ಲ. ನಪುಂಸಕ ಲಿಂಗದ ಪದಗಳಿಗೆ ದ್ವಿತೀಯಾ ವಿಭಕ್ತಿಯನ್ನು ಬಿಡುವ ರೂಢಿ ಕನ್ನಡದಲ್ಲಿದೆ, ಈ ನಾಲ್ಕು ತಾಲ್ಲೂಕುಗಳ ಎಷ್ಟೋ ಮನೆಗಳ ಮಾತಾದ ತೆಲುಗಿನಲ್ಲೂ ಇದೆ. ಕೈವಾರದ ತಾತಯ್ಯನವರು ಎರಡೂ ಭಾಷೆಗಳಲ್ಲಿ ಪದ ಹೇಳಿದ ನಾಡಿದು. ಇಲ್ಲಿಯ ಮಗು ಮನೆಯಲ್ಲೂ ಬೀದಿಯಲ್ಲೂ ಪ್ರತ್ಯಯವಿಲ್ಲದೆ ಲೋಕಜ್ಞಾನದಿಂದಲೇ ಕರ್ತೃ ಕರ್ಮಗಳನ್ನು ಬಿಡಿಸಿಕೊಳ್ಳುವುದನ್ನು ಕಲಿತಿರುತ್ತದೆ.

ಆದರೆ ಭೌತವಿಜ್ಞಾನದ ವಾಕ್ಯದಲ್ಲಿ ಏನಾಗುತ್ತದೆ ನೋಡಿ. ಗೋಲವೂ ಗೋಲವೂ, ಕಾಂತವೂ ಕಾಂತವೂ, ಆವೇಶವೂ ಆವೇಶವೂ ಎದುರಾಗುತ್ತವೆ. ಎರಡಕ್ಕೂ ಜೀವವಿಲ್ಲ, ಆದ್ದರಿಂದ ಜೀವದ ಸುಳಿವು ಹೋಯಿತು. ಎರಡೂ ನಪುಂಸಕ ಲಿಂಗ, 'ತಳ್ಳಿತು' ಎಂಬುದು ಎರಡಕ್ಕೂ ಒಪ್ಪುತ್ತದೆ, ಆದ್ದರಿಂದ ಲಿಂಗದ ಸುಳಿವೂ ಹೋಯಿತು. ಇದು ಅದನ್ನು ತಳ್ಳಬಹುದು, ಅದು ಇದನ್ನು ತಳ್ಳಬಹುದು. ಲೋಕಜ್ಞಾನ ಸಹಾಯಕ್ಕೆ ಬರುವುದಿಲ್ಲ. ವಿದ್ಯಾರ್ಥಿಗೆ ಉಳಿದಿರುವ ಒಂದೇ ಊರುಗೋಲು 'ಅನ್ನು' ಪ್ರತ್ಯಯ. ಅದನ್ನೂ ನಾನು, ವಾಕ್ಯ ಚೊಕ್ಕವಾಗಿ ಕಾಣಲೆಂದು, ಕಿತ್ತುಕೊಂಡಿದ್ದೆ. 'ಅ ಗೋಲವನ್ನು ತಳ್ಳಿದ ಬ ಗೋಲ' ಎಂದೋ 'ಅ ಗೋಲವು ಬ ಗೋಲವನ್ನು ತಳ್ಳಿತು' ಎಂದೋ ಬರೆದಿದ್ದರೆ ಆ ಹುಡುಗಿ ಎದ್ದು ನಿಲ್ಲಬೇಕಾಗುತ್ತಿರಲಿಲ್ಲ.

ಸುಳಿವನ್ನು ಒದಗಿಸಿದರೆ ಸಾಲದು, ಓದುಗರು ಅದನ್ನು ಬಳಸಲೂ ಕಲಿತಿರಬೇಕು ಎಂಬುದು ನಿಜ. ಕನ್ನಡ ಮಾತಾಡುವ ಮೂರು ವರ್ಷದ ಮಕ್ಕಳನ್ನು ಪರೀಕ್ಷಿಸಿ ಜೆಫ್ರಿ ಲಿಡ್ಸ್ ಮತ್ತು ಗ್ಲೈಟ್‌ಮನ್ ದಂಪತಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ರಚನೆಯ ವಾಕ್ಯ ಕೇಳಿದ ಮಕ್ಕಳು 'ಇಸು' ಪ್ರತ್ಯಯಕ್ಕಿಂತ ವಾಕ್ಯದಲ್ಲಿರುವ ನಾಮಪದಗಳ ಸಂಖ್ಯೆಯನ್ನೇ ನೆಚ್ಚಿಕೊಂಡರು. ಪ್ರತ್ಯಯದ ಮೇಲೆ ಭಾರ ಹಾಕುವುದು ಬೆಳೆಯುತ್ತ ಬರುವ ಅಭ್ಯಾಸ. ನಮ್ಮ ಹೈಸ್ಕೂಲಿನ ವಿದ್ಯಾರ್ಥಿಗೆ ಹದಿನೈದು ವರ್ಷ. ಅವನಿಗೆ ಪ್ರತ್ಯಯ ಗೊತ್ತು. ನಾವು ಅದನ್ನು ಬರೆಯಬೇಕು, ಅಷ್ಟೇ.

ಇನ್ನು 'ಚಿಕ್ಕ ವಾಕ್ಯ ಬರೆಯಿರಿ' ಎಂಬ ಉಪದೇಶ. ಅದನ್ನು ಅಕ್ಷರಶಃ ಪಾಲಿಸಿದ ಟಿಪ್ಪಣಿಯೊಂದು ಹೀಗಿರುತ್ತದೆ: 'ತಂತಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಅದು ಬಿಸಿಯಾಗುತ್ತದೆ. ಇದಕ್ಕೆ ರೋಧ ಕಾರಣ. ಅದು ಹೆಚ್ಚಿದರೆ ಇದೂ ಹೆಚ್ಚುತ್ತದೆ.' ಮೊದಲ 'ಅದು' ಯಾವುದು, ಎರಡನೆಯ 'ಅದು' ಯಾವುದು, 'ಇದು' ಯಾವುದು? ಒಂದು ವಾಕ್ಯದೊಳಗಿನ ತೊಡಕನ್ನು ನಾಲ್ಕು ವಾಕ್ಯಗಳ ನಡುವಿನ ಸಂದಿಗಳಿಗೆ ಸಾಗಿಸಿದಂತಾಯಿತು. ಸುಳಿವಿಲ್ಲದ ಹುಡುಕಾಟ ಹಾಗೇ ಉಳಿಯಿತು. ಅದಕ್ಕಿಂತ ಕೆಟ್ಟದ್ದೆಂದರೆ, ಕತ್ತರಿಸುವ ಭರದಲ್ಲಿ ಒಂದು ಷರತ್ತು ಬಿದ್ದುಹೋಗಿದೆ. ರೋಧ ಹೆಚ್ಚಿದರೆ ಬಿಸಿ ಹೆಚ್ಚುವುದು ವಿದ್ಯುತ್ ಪ್ರವಾಹ ಬದಲಾಗದಿದ್ದಾಗ. ವಿಭವಾಂತರ ಬದಲಾಗದಿದ್ದರೆ ರೋಧ ಹೆಚ್ಚಿದಂತೆ ಬಿಸಿ ಕಡಿಮೆಯಾಗುತ್ತದೆ! 'ಆದರೆ', 'ಇದ್ದಾಗ', 'ಆದ್ದರಿಂದ' ಎಂಬ ಕೊಂಡಿಗಳನ್ನು ಕತ್ತರಿಸಿದರೆ ಭೌತವಿಜ್ಞಾನವೂ ಕತ್ತರಿಸಿಹೋಗುತ್ತದೆ.

ಉದ್ದನೆಯ ವಾಕ್ಯ ತಾನಾಗಿ ಪಾಪ ಮಾಡಿಲ್ಲ. 'ಎದ್ದು, ಮುಖ ತೊಳೆದು, ಹಸು ಕರೆದು, ಡೇರಿಗೆ ಹಾಲು ಹಾಕಿ, ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು, ಹುಳಕ್ಕೆ ಹಾಕಿ, ಊಟ ಮಾಡಿ, ಬಸ್ಸು ಹಿಡಿದು ಶಾಲೆಗೆ ಬಂದೆ' ಎಂದು ನಮ್ಮ ಹುಡುಗರು ಒಂದೇ ಉಸಿರಿಗೆ ಹೇಳುತ್ತಾರೆ, ಕೇಳಿದವರು ಒಂದೇ ಸಲಕ್ಕೆ ತಿಳಿಯುತ್ತಾರೆ. ಮಾಡಿದವನು ಒಬ್ಬನೇ, ಪ್ರತಿ ಕೆಲಸವೂ ಮಡಚಿಕೊಂಡು ಮುಂದಿನದಕ್ಕೆ ಅಂಟುತ್ತದೆ. ಪ್ರಯೋಗದ ವಿಧಾನವನ್ನು ಹೀಗೇ ಬರೆಯಬಹುದು.

ಕಷ್ಟ ಬರುವುದು ಇಂಗ್ಲಿಷ್ ವಾಕ್ಯದ ಕರ್ತೃವನ್ನು ಮೊದಲು ನಿಲ್ಲಿಸಿ, ಉಳಿದುದನ್ನೆಲ್ಲ ನಡುವೆ ತುರುಕಿ, ಕ್ರಿಯಾಪದವನ್ನು ಕೊನೆಗೆ ಇಡುವ ಅನುವಾದದಲ್ಲಿ. ಜಡತ್ವದ ನಿಯಮವನ್ನು ಇಂತಹ ಕನ್ನಡದಲ್ಲಿ ಎಷ್ಟೋ ಸಲ ಕೇಳಿದ್ದೇವೆ: 'ಒಂದು ವಸ್ತುವು, ಬಾಹ್ಯ ಬಲವು ಅದರ ಮೇಲೆ ವರ್ತಿಸಿ ಅದರ ಸ್ಥಿತಿಯನ್ನು ಬದಲಾಯಿಸದ ಹೊರತು, ತಾನು ಹೊಂದಿರುವ ನಿಶ್ಚಲ ಸ್ಥಿತಿಯಲ್ಲಾಗಲಿ ಸರಳರೇಖೆಯಲ್ಲಿನ ಏಕರೂಪ ಚಲನೆಯಲ್ಲಾಗಲಿ ಮುಂದುವರಿಯುತ್ತದೆ.' ವಸ್ತು ಬಾಗಿಲಲ್ಲೇ ನಿಂತು ಕಾಯುತ್ತದೆ. ಅಷ್ಟರಲ್ಲಿ 'ಬಲವು' ಎಂಬ ಇನ್ನೊಂದು ಕರ್ತೃ, ಅದೂ ನಪುಂಸಕ, ನಡುವೆ ನುಗ್ಗುತ್ತದೆ. ಇದು ಕಮಲ-ಶಶಿಯರ ಕಥೆಯೇ. ಕನ್ನಡದ ದಾರಿಯಲ್ಲಿ ಹೇಳಿದರೆ: 'ಹೊರಗಿನ ಬಲ ವರ್ತಿಸದಿದ್ದರೆ, ನಿಂತ ವಸ್ತು ನಿಂತೇ ಇರುತ್ತದೆ, ಚಲಿಸುತ್ತಿರುವ ವಸ್ತು ಅದೇ ವೇಗದಲ್ಲಿ ನೇರವಾಗಿ ಸಾಗುತ್ತಲೇ ಇರುತ್ತದೆ.' ಷರತ್ತು ಮೊದಲು ಮುಗಿದು ಮಡಚಿಕೊಂಡಿತು. ಏನೂ ಕಾಯಬೇಕಾಗಿಲ್ಲ.

ಪಾರಿಭಾಷಿಕ ಪದಗಳ ಬಗ್ಗೆ ಒಂದೇ ಮಾತು. 'ನಿಮ್ನ', 'ಪೀನ' ಎಂಬ ಪದಗಳು ಕಷ್ಟವೆಂದು ದೂರುವವರಿದ್ದಾರೆ. ಅರ್ಥ ನೆಲೆಗೊಂಡ ಮೇಲೆ ಅವು ಭಾರವಲ್ಲ, ಒಂದೊಂದು ಪದವೂ ಒಂದೊಂದು ಗಂಟು. ನೆಲೆಗೊಳ್ಳುವ ಮುನ್ನ ವಾಕ್ಯದಲ್ಲಿ ಬಳಸಿದರೆ ಮಾತ್ರ ಕಷ್ಟ. ಡೊನ್ನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿಯವರು 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಓದುವುದರಲ್ಲಿ ಹಿಂದುಳಿದಿದ್ದರೂ ಬೇಸ್‌ಬಾಲ್ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು ಆ ಆಟದ ಬಗೆಗಿನ ಬರಹವನ್ನು, ಓದಿನಲ್ಲಿ ಜಾಣರಾಗಿದ್ದರೂ ಆಟ ತಿಳಿಯದ ಮಕ್ಕಳಿಗಿಂತ ಚೆನ್ನಾಗಿ ಗ್ರಹಿಸಿದರು. ವಾಕ್ಯ ಹಿಡಿಯುವ ನೆನಪಿಗೆ ದೀರ್ಘಕಾಲೀನ ಸ್ಮೃತಿಯ ಸಾಲ ಸದಾ ಬೇಕು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಭೌತವಿಜ್ಞಾನದ ಅಧ್ಯಾಪಕರಾಗಿ ಬೆಳೆದ ಡಾ. ಎಚ್. ನರಸಿಂಹಯ್ಯನವರು ಪ್ರಶ್ನೆ ಕೇಳುವುದನ್ನೇ ವಿಜ್ಞಾನದ ಮೊದಲ ಪಾಠವೆಂದು ಜೀವನವಿಡೀ ಹೇಳಿದರು. ನನ್ನ ಪರೀಕ್ಷಾ ಕೊಠಡಿಯಲ್ಲಿ ಪ್ರಶ್ನೆ ಕೇಳಿದ ಮಗುವಿಗೆ ನಾನು 'ಗಮನವಿಟ್ಟು ಓದು' ಎಂದಿದ್ದೆ. ಆಕೆ ಗಮನವಿಟ್ಟೇ ಓದಿದ್ದಳು. ಅದರ ನಂತರ ನಾನು ಪ್ರಶ್ನೆಪತ್ರಿಕೆಯನ್ನು ಮುದ್ರಣಕ್ಕೆ ಕೊಡುವ ಮುನ್ನ ಭೌತವಿಜ್ಞಾನ ಓದದ ಒಬ್ಬರಿಂದ ಗಟ್ಟಿಯಾಗಿ ಓದಿಸುತ್ತೇನೆ. ಪ್ರತಿ ಕ್ರಿಯಾಪದದ ಬಳಿ ನಿಲ್ಲಿಸಿ, 'ಯಾವುದು ಯಾವುದನ್ನು?' ಎಂದು ಕೇಳುತ್ತೇನೆ. ಕಳೆದ ಸಲ ಆರು ಪ್ರಶ್ನೆಗಳನ್ನು ತಿದ್ದಬೇಕಾಯಿತು. ಒಂದರಲ್ಲಿ ಎರಡು ಆವೇಶಗಳಿದ್ದವು, ಅವು ಒಂದನ್ನೊಂದು ವಿಕರ್ಷಿಸುತ್ತಿದ್ದವು. ಆದರೆ ವಾಕ್ಯದಲ್ಲಿ ಯಾವುದು ಸರಿಯಿತು, ಯಾವುದು ನಿಂತಲ್ಲೇ ನಿಂತಿತು ಎಂಬುದನ್ನು ಬರೆದ ನನಗೇ ಹೇಳಲಾಗಲಿಲ್ಲ.